ಹೊಸ ಕ್ಷೌರದ ಕತ್ತಿ: ಮೊದಲು ಪಟ್ಟಿ, ಆಮೇಲೆ ಕೆನ್ನೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಈಗ ಕಟಿಂಗ್ ಅಂಗಡಿಗೆ ಹೋದ್ರೆ ಕತ್ತಿಗೆ ಅರ್ಧ ಬ್ಲೇಡ್ ಮುರಿದು ಹಾಕ್ತಾರೆ, ದಾಡಿ ಮುಗಿದ ಮೇಲೆ ಬಿಸಾಕ್ತಾರೆ. ಗೋಡೆಗೆ ತೂಗುಬಿಟ್ಟ ಚರ್ಮದ ಪಟ್ಟಿಯನ್ನ ನಿಮ್ಮಲ್ಲಿ ಬಹಳ ಜನ ನೋಡೇ ಇರ್ಲಿಕ್ಕಿಲ್ಲ. ಅಜ್ಜನ್ನ ಕೇಳ್ರಿ. ಆನ್‌ಲೈನ್‌ನಲ್ಲಿ ಹಳೇ ನಮೂನಿ ಮಡಚೋ ಕತ್ತಿ ತರಿಸಿಕೊಂಡೋರಿಗೆ ಈ ಎಪಿಸೋಡ್.

ಸಾಣೆಕಲ್ಲು ಬೇರೆ, ಪಟ್ಟಿ ಬೇರೆ. ಕಲ್ಲು ಉಕ್ಕನ್ನ ಸವೆಸಿ ಅಲಗು ಮೂಡಿಸ್ತದೆ. ಪಟ್ಟಿ ಆ ಅಲಗನ್ನ ನಯ ಮಾಡ್ತದೆ, ಅಷ್ಟೇ. ಮೊಂಡ ಕತ್ತಿಯನ್ನ ಪಟ್ಟಿ ಮೇಲೆ ಎಷ್ಟು ತೀಡಿದ್ರೂ ಉಪಯೋಗ ಇಲ್ಲ. ಹೊಸ ಕತ್ತಿಯೂ ಎಷ್ಟೋ ಸಲ ಮೊದಲು ಕಲ್ಲಿಗೇ ಹೋಗಬೇಕಾಗ್ತದೆ.

ತೀಡುವಾಗ ಪಟ್ಟಿ ಬಿಗಿಯಾಗಿರ್ಲಿ. ಜೋಲು ಬಿದ್ರೆ ಅಲಗು ದುಂಡಗಾಗ್ತದೆ. ಕತ್ತಿಯನ್ನ ಪೂರ್ತಿ ಮಲಗಿಸ್ರಿ. ಬೆನ್ನು ಮುಂದೆ, ಅಲಗು ಹಿಂದೆ. ಪಟ್ಟಿಯ ತುದಿಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ ವಾಪಸ್ ತರ್ರಿ. ಅಲಗಿನ ಮೇಲೆ ಹೊರಳಿಸಿದ್ರೆ ಪಟ್ಟಿನೂ ಕೊಯ್ತದೆ, ಅಲಗೂ ಕೆಡ್ತದೆ. ಒತ್ತಬೇಡ್ರಿ. ಸಿನಿಮಾದಾಗಿನ ಸ್ಪೀಡ್ ಅಂತೂ ಬೇಡವೇ ಬೇಡ. ದಾಡಿಗೆ ಮುಂಚೆ 40-50 ಸಲ ಸಾಕು.

ಮುಖಕ್ಕೆ ಬಿಸಿನೀರು, ನೊರೆ. ಚರ್ಮ ಎಳೆದು ಹಿಡಿದು, ಸುಮಾರು 30 ಡಿಗ್ರಿ ಓರೆಯಲ್ಲಿ, ಕೂದಲು ಬೆಳೆದ ದಿಕ್ಕಿಗೇ ಎಳೀರಿ. ಮೊದಲ ವಾರ ಕೆನ್ನೆ ಮಾತ್ರ; ಗದ್ದ, ಗಂಟಲು ಆಮೇಲೆ. ಮುಗಿದ ಮೇಲೆ ಒರೆಸಿ ಒಣಗಿಸ್ರಿ, ಮಳೆಗಾಲದಲ್ಲಿ ಒಂದು ಹನಿ ಎಣ್ಣೆ ಸವರ್ರಿ.

ರೂಮ್‌ಮೇಟ್ ಕೇಳಿದ್ರೂ ಕತ್ತಿ ಕೊಡಬೇಡ್ರಿ. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ ಹರಡಬಹುದು. ಆ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಉಳೀತದೆ. ಚರ್ಮದ ಪಟ್ಟಿಯನ್ನ ಕುದಿಸಲಿಕ್ಕೂ ಬರೋದಿಲ್ಲ. ಅಂಗಡಿಯಲ್ಲಿ ಕೂತಾಗಲೂ ಅಷ್ಟೇ: ಹೊಸ ಬ್ಲೇಡನ್ನ ನಿಮ್ಮ ಕಣ್ಣೆದುರೇ ಮುರಿದು ಹಾಕ್ಲಿಕ್ಕೆ ಹೇಳ್ರಿ.