ಶೇರಿಲ್ಲದ ಸದಸ್ಯರು

ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ಎಂದರೇನೆಂದು ಬೆಂಗಳೂರಿನ ತರುಣನೊಬ್ಬನಿಗೆ ವಿವರಿಸುವುದು ಕಷ್ಟ. ಗದಗಿನ ನೆರೆಯ ಕಣಗಿನಹಾಳದ ಹಿರಿಯರೊಬ್ಬರಿಗೆ ವಿವರಿಸುವುದು ಸುಲಭ. ಮಾತು ವಿಚಿತ್ರವೆನಿಸಬಹುದು. ಆದರೆ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಪತ್ತಿನ ಸಂಘದಿಂದ ನಾಡಿಗೆಲ್ಲ ಹೆಸರಾದ ಊರು ಅದು. ಸಂಘವೆಂದರೆ ಒಬ್ಬ ಧಣಿಯ ಸ್ವತ್ತಲ್ಲ. ಶೇರು ಹಿಡಿದವನಿಗೆ ಒಂದು ಮತವುಂಟು. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಅಧಿಕಾರವುಂಟು ಎಂಬುದನ್ನು ಅಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಗ್ಲೆಂಡಿನ ಹದಿನೆಂಟು ಕೌಂಟಿ ಕ್ಲಬ್ಬುಗಳು ಬೆಳೆದು ಬಂದ ಬಗೆಯೂ ಇಂಥದೇ. ಅಲ್ಲಿ ಶೇರಿನ ಬದಲು ವರ್ಷದ ಚಂದಾ. ಚಂದಾ ತೆತ್ತವನು ಸದಸ್ಯ; ತಂಡ ಅವನದು. ಅಂದಮೇಲೆ ಆಧುನಿಕ ಸಹಕಾರ ಚಳವಳಿ 1844ರಲ್ಲಿ ಬೇರುಬಿಟ್ಟ ರಾಚ್‌ಡೇಲ್ ಪಟ್ಟಣವು ಲ್ಯಾಂಕಶೈರ್ ಕೌಂಟಿಗೆ ಸೇರಿದ್ದುದರಲ್ಲಿ ಆಶ್ಚರ್ಯವೇನು! ಏಪ್ರಿಲಿನ ಚಳಿಯಲ್ಲಿ ಕಂಬಳಿಯಂಥ ಕೋಟು ಹೊದ್ದು, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು, ನಾಲ್ಕು ದಿನವೂ ಅದೇ ಬೆಂಚಿನ ಮೇಲೆ ಕುಳಿತು ಪೆನ್ಸಿಲಿನಿಂದ ಸ್ಕೋರು ಬರೆದುಕೊಳ್ಳುವ ಮುದುಕನನ್ನು ಪ್ರೇಕ್ಷಕನೆನ್ನುವುದು ಸರಿಯಲ್ಲ. ತನ್ನ ಹೊಲದ ಬದುವಿನ ಮೇಲೆ ಕುಳಿತ ರೈತನಂತೆ ಅವನು. ಪಂದ್ಯ ಡ್ರಾ ಆದರೂ ಅವನಿಗೆ ನಷ್ಟವೆನಿಸದು.

ಕನ್ನಡಿಗರಿಗೆ ಈ ಹುಚ್ಚು ಹತ್ತಿದ್ದು 1995ರ ಬೇಸಗೆಯಲ್ಲಿ. ಆ ವರ್ಷ ವೆಸ್ಟ್ ಇಂಡೀಸ್ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಹೊರಟಿತು. ನಾರ್ಥಾಂಪ್ಟನ್‌ಶೈರಿಗೆ ಕರ್ಟ್ಲಿ ಆಂಬ್ರೋಸ್ ಇಲ್ಲವಾದರು. ಗ್ಲಾಸ್ಟರ್‌ಶೈರಿಗೆ ಕೋರ್ಟ್ನಿ ವಾಲ್ಷ್ ಇಲ್ಲವಾದರು. ಕೌಂಟಿಗೆ ಒಬ್ಬನೇ ಪರದೇಶಿ ಆಟಗಾರನೆಂಬ ನಿಯಮದ ಕಾಲವದು. ತೆರವಾದ ಆ ಎರಡು ಸ್ಥಾನಗಳಿಗೂ ಕರ್ನಾಟಕದವರೇ ಹೋದರು: ಒಂದಕ್ಕೆ ಬೆಂಗಳೂರಿನ ಅನಿಲ್ ಕುಂಬ್ಳೆ, ಇನ್ನೊಂದಕ್ಕೆ ಮೈಸೂರಿನ ಜಾವಗಲ್ ಶ್ರೀನಾಥ್. ಕುಂಬ್ಳೆಯವರು ಆ ಋತುವಿನಲ್ಲಿ ಕಿತ್ತ ವಿಕೆಟ್ಟುಗಳು 105, ಶ್ರೀನಾಥರು 87. ನಾರ್ಥಾಂಪ್ಟನ್‌ಶೈರ್ ಚಾಂಪಿಯನ್‌ಷಿಪ್ಪಿನಲ್ಲಿ ಮೂರನೆಯ ಸ್ಥಾನಕ್ಕೇರಿತು. ಅಲ್ಲಿಯವರೆಗೆ ಆ ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದಿದ್ದ ಮನೆಗಳಲ್ಲಿ, ಬೆಳಗಿನ ಕಾಫಿಗೆ ಮುಂಚೆ ಆಂಗ್ಲ ಪತ್ರಿಕೆಯ ಕ್ರೀಡಾಪುಟದ ಮೂಲೆಯನ್ನು ಹುಡುಕುವ ಅಭ್ಯಾಸ ಬೆಳೆಯಿತು. ಅಲ್ಲಿ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಸ್ಕೋರು ಅಚ್ಚಾಗುತ್ತಿತ್ತು. ಅಷ್ಟಕ್ಕೂ ತಾಳ್ಮೆಯಿಲ್ಲದವರು ಶಾರ್ಟ್‌ವೇವ್ ರೇಡಿಯೋದ ಕಿವಿ ತಿರುವುತ್ತಿದ್ದರು. ಗೊರಗೊರ ಸದ್ದಿನ ನಡುವೆ ‘ಕುಂಬ್ಳೆ’ ಎಂಬ ಒಂದು ಪದ ಕೇಳಿಸಿದರೆ ಸಾಕು, ರಾತ್ರಿಯ ಊಟ ರುಚಿಸುತ್ತಿತ್ತು.

ಆದರೆ ಬದಲಿಯಾಗಿ ಹೋದವನು ಬದಲಿಯೇ ಅಲ್ಲವೆ? 1996ರಲ್ಲಿ ಆಂಬ್ರೋಸ್ ಮರಳಿದರು, ವಾಲ್ಷರೂ ಮರಳಿದರು. ನೂರೈದು ವಿಕೆಟ್ ಕೊಟ್ಟವರಿಗೆ ಸ್ಥಳವಿರಲಿಲ್ಲ. ಅದರಲ್ಲಿ ಅನ್ಯಾಯವೇನೂ ಇಲ್ಲ, ಒಪ್ಪಂದವೇ ಹಾಗಿತ್ತು. ಪೇಚಿಗೆ ಸಿಲುಕಿದವರು ಇಲ್ಲಿನ ಅಭಿಮಾನಿಗಳು. ಆಟಗಾರ ಬಿಟ್ಟ ತಂಡವನ್ನು ತಾವೂ ಬಿಡಬೇಕೆ? ಚಂದಾ ಕೊಟ್ಟವರಲ್ಲ, ಮೈದಾನ ಕಂಡವರಲ್ಲ, ಕೇಳುವ ಅಧಿಕಾರವಂತೂ ಇಲ್ಲವೇ ಇಲ್ಲ. ಆದರೂ ನಾರ್ಥಾಂಪ್ಟನ್‌ಶೈರ್ ಸೋತಿತೆಂದು ಓದಿದಾಗ ಮನಸ್ಸು ಮುದುಡುವುದು ತಪ್ಪಲಿಲ್ಲ.

ಗದಗಿನವರಿಗಂತೂ ಇಂಗ್ಲೆಂಡಿನ ನೆಲದೊಡನೆ ಇನ್ನೊಂದು ನಂಟು ಬೆಳೆಯಿತು. ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಗದಗಿಗೆ ಹಿಂದಿರುಗುತ್ತಿದ್ದ ಸುನಿಲ್ ಜೋಶಿ, 1995–96ರ ರಣಜಿ ಋತುವಿನಲ್ಲಿ ಐನೂರಕ್ಕೂ ಹೆಚ್ಚು ರನ್ನು ಹೊಡೆದು, ಐವತ್ತಕ್ಕೂ ಹೆಚ್ಚು ವಿಕೆಟ್ ಪಡೆದು ಭಾರತ ತಂಡದೊಡನೆ ಹಡಗಿನ ನಾಡಿಗೆ ಹೊರಟರು. 1996ರ ಜೂನ್ 6ರಂದು, ತಮ್ಮ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನವೇ, ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನಲ್ಲಿ ಮೊದಲ ಟೆಸ್ಟ್ ಆಡಿದರು. ವಾರಿಕ್‌ಶೈರ್ ಕೌಂಟಿಯ ಮನೆಯಂಗಳವದು. ಭಾರತ ಎಂಟು ವಿಕೆಟ್ಟುಗಳಿಂದ ಸೋತಿತು; ಆ ಸರಣಿಯಲ್ಲಿ ಜೋಶಿಯವರು ಮತ್ತೆ ಆಡಲಿಲ್ಲ. ಕೌಂಟಿಗಳ ಮೈದಾನಗಳು ಹೊರಗಿನವರಿಗೆ ಸುಲಭವಾಗಿ ಒಲಿಯುವುದಿಲ್ಲ. ಒಲಿದ ದಿನ ಮಾತ್ರ ಮರೆಯುವಂತಿಲ್ಲ: 2000ದಲ್ಲಿ ಕೆಂಟ್ ಪರವಾಗಿ ಆಡಿದ ರಾಹುಲ್ ದ್ರಾವಿಡ್, ಪೋರ್ಟ್ಸ್‌ಮೌತಿನಲ್ಲಿ ಹ್ಯಾಂಪ್‌ಷೈರಿನ ಶೇನ್ ವಾರ್ನರ ತಿರುಗುವ ಚೆಂಡುಗಳನ್ನು ಎದುರಿಸಿ 137 ಗಳಿಸಿದ ಕಥೆಯನ್ನು ಬಲ್ಲವರು ಇಂದಿಗೂ ಸವಿಯುತ್ತಾರೆ.

ಈಗ ಇರುವೆ ಅಕ್ಷರಗಳ ಕಾಲ ಹೋಯಿತು. ಇಂಗ್ಲೆಂಡಿನ ಹನ್ನೊಂದು ಗಂಟೆಯೆಂದರೆ ಬೇಸಗೆಯಲ್ಲಿ ಇಲ್ಲಿಯ ಮಧ್ಯಾಹ್ನ ಮೂರೂವರೆ. ಊಟದ ನಿದ್ದೆ ಮುಗಿಸಿ ಅಂಗೈಯಗಲದ ಫೋನು ಹಿಡಿದರೆ, ಕ್ಲಬ್ಬುಗಳೇ ಬಿತ್ತರಿಸುವ ಪಂದ್ಯ ಪುಕ್ಕಟೆಯಾಗಿ ಕಾಣುತ್ತದೆ. ನೋಟ ಸುಲಭವಾದ ಈ ಹೊತ್ತಿನಲ್ಲೇ ಸ್ವಾಮ್ಯದ ಪ್ರಶ್ನೆ ಎದ್ದಿರುವುದು ಸೋಜಿಗ. 2022ರಲ್ಲಿ ಆಂಡ್ರ್ಯೂ ಸ್ಟ್ರಾಸ್ ಅವರ ಸಮಿತಿ, ಪ್ರತಿ ಕೌಂಟಿಯ ಹದಿನಾಲ್ಕು ಚಾಂಪಿಯನ್‌ಷಿಪ್ ಪಂದ್ಯಗಳನ್ನು ಹತ್ತಕ್ಕೆ ಇಳಿಸಬೇಕೆಂದಿತು. ಹದಿನೆಂಟರಲ್ಲಿ ಹನ್ನೆರಡು ಕೌಂಟಿಗಳ ಒಪ್ಪಿಗೆ ಬೇಕಾಗಿತ್ತು. ಚಹಾದ ಫ್ಲಾಸ್ಕಿನ ಮುದುಕರು ಆಗ ಎದ್ದು ನಿಂತರು! ಸದಸ್ಯರ ವಿರೋಧ ಬಲವಾಯಿತು. ಸಲಹೆ ಜಾರಿಗೆ ಬರಲಿಲ್ಲ. ಕಣಗಿನಹಾಳದವರಿಗೆ ಈ ಸುದ್ದಿ ಹೊಸದೆನಿಸಲಾರದು.

ಆದರೆ ಎಲ್ಲ ಕೌಂಟಿಗಳಲ್ಲೂ ಸದಸ್ಯರು ಒಡೆಯರಾಗಿ ಉಳಿದಿಲ್ಲ. 2024ರಲ್ಲಿ ಹ್ಯಾಂಪ್‌ಷೈರನ್ನು ಭಾರತದ ಜಿ.ಎಂ.ಆರ್. ಸಂಸ್ಥೆ ಕೊಳ್ಳುವುದೆಂದು ಪ್ರಕಟವಾಯಿತು. ಕನ್ನಡಿಗರು ಹಚ್ಚಿಕೊಂಡ ನಾರ್ಥಾಂಪ್ಟನ್‌ಶೈರ್ ಕೂಡ ಅದಕ್ಕೂ ಮೊದಲೇ ಸದಸ್ಯರ ಸ್ವಾಮ್ಯ ಕಳೆದುಕೊಂಡಿತ್ತು. ಲೆಕ್ಕ ಕೇಳುವ ಮಾತಿಗೆ ಬಂದರೆ, ಅಲ್ಲಿನ ಬೆಂಚಿನ ಮುದುಕನಿಗೂ ಗದಗಿನ ಅಭಿಮಾನಿಗೂ ಈಗ ಹೆಚ್ಚಿನ ಅಂತರವಿಲ್ಲ.

ಆದರೂ ನಂಟು ಹರಿದಿಲ್ಲ. ಟೆಸ್ಟಿನಲ್ಲಿ ಮುನ್ನೂರು ಹೊಡೆದೂ ಅವಕಾಶ ಕಳೆದುಕೊಂಡು, ಕರ್ನಾಟಕವನ್ನು ಬಿಟ್ಟು ವಿದರ್ಭಕ್ಕೆ ಹೋದ ಕರುಣ್ ನಾಯರರನ್ನು 2023ರ ಸೆಪ್ಟೆಂಬರಿನಲ್ಲಿ ಕರೆದುಕೊಂಡದ್ದು ಅದೇ ನಾರ್ಥಾಂಪ್ಟನ್‌ಶೈರ್. 2024ರ ಏಪ್ರಿಲಿನಲ್ಲಿ ಗ್ಲಾಮೋರ್ಗನ್ ವಿರುದ್ಧ ಅವರು ಔಟಾಗದೆ 202 ಹೊಡೆದರು. ಮರುವರ್ಷದ ಜೂನಿನಲ್ಲಿ ಲೀಡ್ಸಿನಲ್ಲಿ ಮತ್ತೆ ಭಾರತದ ಟೋಪಿ ಧರಿಸಿದರು.