ಗೇಟು ಬೀಳುವ ಹೊತ್ತು ಮ್ಯಾಪಿಗೆ ಗೊತ್ತಿಲ್ಲ

ಕೊಳ್ಳೇಗಾಲ ಬಿಟ್ಟು ಹನೂರಿನ ಕಡೆ ಹೊರಟರೆ ಮಧುವನಹಳ್ಳಿ, ದೊಡ್ಡಿಂದುವಾಡಿ, ಸಿಂಗಾನಲ್ಲೂರು, ಕಾಮಗೆರೆ ಒಂದರ ಹಿಂದೊಂದು ಬರುತ್ತವೆ. ಸಿಂಗಾನಲ್ಲೂರು ಎಂದರೆ ಡಾ. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರ ಊರು. ಆ ಹೆಸರನ್ನು ಮೊಬೈಲಿನ ಮ್ಯಾಪಿಗೆ ಕೊಟ್ಟರೆ ಕೊಯಮತ್ತೂರು ನಗರದ ಸಿಂಗಾನಲ್ಲೂರು ಮೊದಲು ಬಂದು ನಿಲ್ಲುವುದುಂಟು. ಅಲ್ಲೂ ಕೆರೆ ಇದೆ, ದೊಡ್ಡ ಬಸ್ ನಿಲ್ದಾಣ ಇದೆ. ಯಂತ್ರದ ಲೆಕ್ಕದಲ್ಲಿ ಅದೇ ದೊಡ್ಡ ಊರು. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ರಾಜ್ಯ ಪುನರ್ವಿಂಗಡಣೆಯ ಸುದ್ದಿ ಫೋನಿಗೆ ಇನ್ನೂ ಮುಟ್ಟಿಲ್ಲವೇನೋ! ಅಣ್ಣಾವ್ರ ಗಾಜನೂರಿನ ಪಾಡೂ ಇಷ್ಟೇ. ದೊಡ್ಡಗಾಜನೂರು ಇರುವುದು ತಾಳವಾಡಿ ಪಕ್ಕದಲ್ಲಿ. ಬರೀ ಗಾಜನೂರು ಎಂದು ಒತ್ತಿದವರಿಗೆ ಶಿವಮೊಗ್ಗದ ತುಂಗಾ ಅಣೆಕಟ್ಟಿನ ದಾರಿ ಸಿಕ್ಕರೆ ಆಶ್ಚರ್ಯವಿಲ್ಲ.

ಹೆಸರಿನ ಗೊಂದಲವನ್ನಾದರೂ ಜಿಲ್ಲೆಯ ಹೆಸರು ಸೇರಿಸಿ ಬಗೆಹರಿಸಿಕೊಳ್ಳಬಹುದು. ಹೊತ್ತಿನ ಗೊಂದಲಕ್ಕೆ ಅಂಥ ಸುಲಭದ ಮದ್ದಿಲ್ಲ. ನಮ್ಮ ಕಡೆಯ ರಸ್ತೆಗಳು ಬೆಳಿಗ್ಗೆ ಒಂದು ಥರ, ರಾತ್ರಿ ಇನ್ನೊಂದು ಥರ, ಬೇಸಿಗೆಗೊಂದು, ಮಳೆಗಾಲಕ್ಕೊಂದು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರಿಗೆ ಗುಂಬಳ್ಳಿ ಚೆಕ್‌ಪೋಸ್ಟ್‌ನ ಗೇಟು ಸಂಜೆಯಾದರೆ ಬೀಳುತ್ತದೆ. ಚಾಮರಾಜನಗರದ ಮೇಲೆ ಕೊಯಮತ್ತೂರಿಗೆ ಹೋಗುವ 948ನೇ ರಾಷ್ಟ್ರೀಯ ಹೆದ್ದಾರಿಯ ದಿಂಬಂ ಘಾಟಿಯಲ್ಲಿ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ; ಕಾರುಗಳಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಭಾರಿ ವಾಹನಗಳಿಗೆ ಸಂಜೆಯಿಂದಲೇ. ರಾತ್ರಿ ಊಟ ಮುಗಿಸಿ ಹೊರಟವರಿಗೆ ಮ್ಯಾಪು ನೀಲಿ ಗೆರೆ ಎಳೆದು ಗಂಟೆ ನಿಮಿಷಗಳ ಲೆಕ್ಕವನ್ನೂ ಕೊಟ್ಟಿರುತ್ತದೆ. ಗೇಟಿನ ಮುಂದೆ ಬೆಳಗಾಗುವವರೆಗೆ ಕಾಯುವ ಸಮಯ ಆ ಲೆಕ್ಕದೊಳಗೆ ಇರಬೇಕೆಂದಿಲ್ಲ.

ಮಧುವನಹಳ್ಳಿಯಂಥ ಊರಿನ ಟೀ ಅಂಗಡಿ ಮುಂದೆ ಕಾರು ನಿಲ್ಲಿಸಿ ಫೋನ್ ತೋರಿಸುವವರಿಗೆ ಸಿಗುವ ಉತ್ತರವನ್ನು ಗಮನವಿಟ್ಟು ಕೇಳಬೇಕು. "ಫೋನ್ನ ಒಳಕ್ಕಿಡಿ ಸಾಮಿ. ನೆಟ್ಟಗ ಹೋಗಿ, ಒಂದು ಹೊಂಗ ಮರ ಸಿಕ್ತದ, ಪಕ್ಕದಲ್ಲೇ ಹಾಲಿನ ಡೇರಿ, ಅಲ್ಲಿ ಎಡಕ್ಕ ತಿರುಗ್ಬುಡಿ. ಆದ್ರ ಈಗ ಬ್ಯಾಡಿ, ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತದ. ಟೀ ಕುಡ್ದು ಹೋಗಿ." ದೂರವೆಷ್ಟು ಎಂಬ ಮಾತೇ ಇಲ್ಲ. ಟ್ರ್ಯಾಕ್ಟರ್ ಮಾತ್ರ ಇದೆ. ಸಿಟಿಯಲ್ಲಾದರೆ ಮ್ಯಾಪು ಕೂಡ ಇದನ್ನು ಹೇಳಬಲ್ಲದು, ಏಕೆಂದರೆ ಅಲ್ಲಿ ಸಾವಿರಾರು ಫೋನುಗಳು ರಸ್ತೆಯ ಮೇಲೆ ಎಷ್ಟು ವೇಗದಲ್ಲಿ ಸಾಗುತ್ತಿವೆ ಎಂದು ಅದಕ್ಕೆ ತಿಳಿಯುತ್ತಿರುತ್ತದೆ. ದಿನಕ್ಕೆ ನಾಲ್ಕಾರು ಗಾಡಿ ಓಡಾಡುವ ಕಬ್ಬಿನ ಗದ್ದೆಯ ದಾರಿಯಲ್ಲಿ ಅದಕ್ಕೆ ಸುದ್ದಿ ಕೊಡುವವರು ಯಾರು?

ಮಾಗಿಯಲ್ಲಿ ಹುರುಳಿ ಕಿತ್ತ ಮೇಲೆ ಡಾಂಬರು ರಸ್ತೆಯೇ ಕಣ. ಮೊಣಕಾಲುದ್ದ ಹರಡಿದ ಸೊಪ್ಪಿನ ಮೇಲೆ ಬಸ್ಸು ಲಾರಿ ಹಾದು ಒಕ್ಕಣೆ ತಾನಾಗಿ ಆಗಲಿ ಎಂಬ ಲೆಕ್ಕ. ತಗ್ಗಿನ ಕಾರಿನವರು ಇದರ ಮೇಲೆ ಒಂದೇ ಸಮನೆ ಓಡಿಸಿದರೆ ಬಳ್ಳಿ ಆಕ್ಸಲಿಗೆ ಸುತ್ತಿಕೊಳ್ಳುತ್ತದೆ. ಸೈಲೆನ್ಸರಿನ ಕಾವಿಗೆ ಹೊಗೆ ಶುರುವಾಗಿ ಕಾರು ಹೊತ್ತಿಕೊಂಡದ್ದೂ ಇದೆ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಎಂದು ಪೊಲೀಸರು ಪ್ರತಿ ವರ್ಷ ಹೇಳುತ್ತಾರೆ, ಹೇಳುವುದು ಸರಿಯೇ. ಆದರೆ ಕಣ ಇಲ್ಲದ ರೈತ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅವರ ಬಳಿಯೂ ಉತ್ತರವಿಲ್ಲ.

ಹನೂರು ಕಳೆದು, ಕೌದಳ್ಳಿಯನ್ನೂ ದಾಟಿ ಮಾದಪ್ಪನ ಬೆಟ್ಟದ ಕಾಡು ಹೊಕ್ಕರೆ ಇನ್ನೊಂದು ವಿಚಿತ್ರ. ಫೋನಿನಲ್ಲಿ ಸಿಗ್ನಲ್ ಕಡ್ಡಿ ಒಂದೂ ಉಳಿಯದ ಕಡೆಯೂ ನೀಲಿ ಚುಕ್ಕೆ ಮಾತ್ರ ಬೋಳು ಪರದೆಯ ಮೇಲೆ ಸಲೀಸಾಗಿ ಸಾಗುತ್ತಿರುತ್ತದೆ. ಕಾರಣ ಸರಳ. ನಾವಿರುವ ಜಾಗ ಗೊತ್ತಾಗುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ. ನಾಲ್ಕು ಕಣ್ಣಿಗೆ ಬಿದ್ದರೆ ಸಾಕು, ಟವರ್ ಬೇಕಿಲ್ಲ. ರಸ್ತೆಯ ಚಿತ್ರ ಬರುವುದು ಮಾತ್ರ ಟವರಿನಿಂದ. ಹಾಗಾಗಿ ಬೆಟ್ಟಕ್ಕೆ ಹೊರಡುವವರು ಕೊಳ್ಳೇಗಾಲದಲ್ಲೇ ಆ ಭಾಗದ ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳುವುದು ಜಾಣತನ. 2013ರ ಜುಲೈನಲ್ಲಿ ಮೊದಲ ಉಪಗ್ರಹ ಹಾರಿಸಿ ಇಸ್ರೋ ಕಟ್ಟಿದ ನಾವಿಕ್ ಕೂಡ ಮಾಡುವುದು ಇದೇ ಕೆಲಸವನ್ನು. ಎಲ್ಲಿದ್ದೀರಿ ಎಂದು ಹೇಳುತ್ತದೆ, ಮುಂದಿನ ತಿರುವಿನಲ್ಲಿ ಆನೆ ನಿಂತಿದೆಯೇ ಎಂಬುದನ್ನಲ್ಲ.

ಸಿಗ್ನಲ್ ಇಲ್ಲದ ಕಾಡು ಎಂಥದ್ದೆಂದು 2024ರ ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟಿದ್ದ ಬಿಹಾರದ ಕುಟುಂಬವೊಂದು ಕಂಡುಕೊಂಡಿತು. ಮ್ಯಾಪು ತೋರಿಸಿದ ದಾರಿ ಹಿಡಿದು ಖಾನಾಪುರದ ಕಾಡಿನೊಳಗೆ ಸಿಕ್ಕಿಕೊಂಡು ರಾತ್ರಿಯನ್ನು ಕಾರಿನಲ್ಲೇ ಕಳೆಯಿತು. ಸಿಗ್ನಲ್ ಸಿಗುವಲ್ಲಿಗೆ ನಡೆದುಬಂದು 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಹೊರಗೆ ಕರೆತಂದರು.

ನನ್ನನ್ನು ಹೆಚ್ಚು ಹೆದರಿಸುವುದು ಮಾತ್ರ ನೀರು. ಅದೇ ವರ್ಷದ ಜೂನ್‌ನಲ್ಲಿ ಕಾಸರಗೋಡಿನ ಪಳ್ಳಂಜಿಯಲ್ಲಿ, ಕರ್ನಾಟಕದ ಆಸ್ಪತ್ರೆಗೆ ನಸುಕಿನಲ್ಲೇ ಹೊರಟಿದ್ದ ಇಬ್ಬರು ಯುವಕರ ಕಾರು ಹೊಳೆ ಪಾಲಾಯಿತು. ಮ್ಯಾಪಿನಲ್ಲಿ ರಸ್ತೆ ಇತ್ತು. ಕಟ್ಟೆಯಿಲ್ಲದ ಸೇತುವೆಯ ಮೇಲೆ ನೀರು ಹರಿಯುತ್ತಿದ್ದದ್ದು ಕತ್ತಲಲ್ಲಿ ತಿಳಿಯಲಿಲ್ಲ. ಮರವೊಂದನ್ನು ಹಿಡಿದು ನಿಂತ ಅವರನ್ನು ಅಗ್ನಿಶಾಮಕ ದಳದವರು ಹಗ್ಗ ಹಾಕಿ ಎಳೆದುಕೊಂಡರು. ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಹಂಪಾಪುರ, ಮುಳ್ಳೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬಿನಿಯಿಂದಲೂ ಕೆಆರ್‌ಎಸ್‌ನಿಂದಲೂ ಒಟ್ಟಿಗೆ ನೀರು ಬಿಟ್ಟರೆ ತಿ. ನರಸೀಪುರದಲ್ಲಿ ಎರಡೂ ಸೇರಿ ಇಲ್ಲಿಗೆ ಬರುತ್ತವೆ. 2018, 2019, 2024ರ ಮಳೆಗಾಲಗಳಲ್ಲಿ ಹೊಳೆ ರಸ್ತೆಗೇ ಬಂತು. 2018ರ ಪ್ರವಾಹ ಶಿವನಸಮುದ್ರದ ಹಳೆಯ ಕಲ್ಲುಕಂಬದ ವೆಸ್ಲಿ ಸೇತುವೆಯ ಒಂದು ಭಾಗವನ್ನೇ ಕೊಚ್ಚಿ ಹಾಕಿತು. ಅಣೆಕಟ್ಟೆಯ ಗೇಟು ತೆಗೆದ ಸುದ್ದಿ ನದಿದಂಡೆಯ ಊರುಗಳಿಗೆ ಡಂಗುರದಲ್ಲೋ ಮೈಕಿನಲ್ಲೋ ಮುಟ್ಟುತ್ತದೆ. ಕಾರಿನ ಗಾಜು ಏರಿಸಿ ಕುಳಿತವರಿಗೆ ಅದು ಕೇಳಿಸುವುದಿಲ್ಲ.

ಮ್ಯಾಪು ಬೇಡ ಎನ್ನಲಾರೆ. ಆಸ್ಪತ್ರೆ ಹುಡುಕುವ ರಾತ್ರಿ ಅದರಷ್ಟು ಉಪಕಾರ ಮಾಡುವವರು ಕಡಿಮೆ. ಆದರೆ ಅದಕ್ಕೆ ಕಾರಿನ ದಾರಿಯೇ ದಾರಿ. ಶಿವರಾತ್ರಿಯ ಹೊತ್ತಿಗೆ ಕನಕಪುರ ಕಡೆಯ ಪಾದಯಾತ್ರಿಗಳು ಸಂಗಮದಲ್ಲಿ ಹಗ್ಗ ಹಿಡಿದು ಕಾವೇರಿ ದಾಟಿ, ಕಾಡಿನೊಳಗಿಂದಲೇ ಮಾದಪ್ಪನ ಬೆಟ್ಟದ ಕಡೆ ಬರುತ್ತಾರೆ. ಕಾರಿನವರು ಮಳವಳ್ಳಿ, ಸತ್ತೇಗಾಲ, ಕೊಳ್ಳೇಗಾಲ ಸುತ್ತಿ ಮಧುವನಹಳ್ಳಿಯ ಮೇಲೆಯೇ ಹೋಗಬೇಕು. ಆ ವಾರ ಈ ರಸ್ತೆಯಲ್ಲೂ ಹಗಲು ರಾತ್ರಿ ಜನ ಗುಂಪುಗುಂಪಾಗಿ ನಡೆಯುತ್ತಿರುತ್ತಾರೆ, ಮಕ್ಕಳು ಮುದುಕರು ಎಲ್ಲ. ಮ್ಯಾಪು ಕೊಟ್ಟ ಸಮಯಕ್ಕೆ ಒಂದು ಗಂಟೆ ಸೇರಿಸಿಕೊಂಡು, ಹೆಡ್‌ಲೈಟ್ ತಗ್ಗಿಸಿ ಬನ್ನಿ.