ಎರೆಯ ಹಾದಿ, ಕಾಲೇಜಿನ ಗಂಟೆ

ಮಳೆಗಾಲದ ಮುಂಜಾವಿನಲ್ಲಿ ನವಲಗುಂದ ತಾಲೂಕಿನ ಯಾವುದಾದರೊಂದು ಹಳ್ಳಿಯ ಅಗಸಿಯ ಬಳಿ ನಿಂತು ನೋಡಬೇಕು. ಹೆಗಲಿಗೆ ಚೀಲ, ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡ ಹುಡುಗ ಹುಡುಗಿಯರು ಸಾಲಾಗಿ ಬರುತ್ತಿರುತ್ತಾರೆ. ಮಳೆ ಕುಡಿದ ಎರೆಮಣ್ಣಿನ ಗುಣವನ್ನು ಬಲ್ಲವರೇ ಬಲ್ಲರು. ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಸೇರು ಮಣ್ಣು ಅಡಿಗೆ ಅಂಟಿಕೊಂಡು ಕಾಲೆತ್ತುವುದೇ ಕಷ್ಟವಾಗುತ್ತದೆ. ಆದುದರಿಂದ ಡಾಂಬರು ರಸ್ತೆ ಮುಟ್ಟುವವರೆಗೆ ಬರಿಗಾಲೇ ಲೇಸು. ಪಟ್ಟಣದ ವಿದ್ಯಾರ್ಥಿಗೆ ಕಾಲೇಜು ಗಂಟೆ ಬಾರಿಸಿದಾಗ ಆರಂಭವಾಗುತ್ತದೆ. ಇವರಿಗೆ ಅದು ಈ ಹಾದಿಯಲ್ಲಿಯೇ ಆರಂಭವಾಗಿರುತ್ತದೆ.

ಬಸ್ಸಿನ ನಿರ್ವಾಹಕನಿಗೆ ಮುಖಗಳೆಲ್ಲ ಪರಿಚಿತ.

"ನಿನ್ನೆ ಯಾಕ ಬರಲಿಲ್ಲ, ತಂಗೀ?"

"ಹೆಸರ ಬಿಡಸಾಕ ಹೋಗಿದ್ನಿರಿ, ಅಣ್ಣಾರ."

ಈ ಎರಡು ಮಾತುಗಳಲ್ಲಿ ಗ್ರಾಮೀಣ ಧಾರವಾಡದ ಕಾಲೇಜುಗಳ ದೊಡ್ಡ ಸಮಸ್ಯೆಯೇ ಅಡಗಿದೆ. ಮುಂಗಾರಿನ ಹೆಸರು ಶ್ರಾವಣದ ಹೊತ್ತಿಗೆ ಬಲಿತು ನಿಲ್ಲುತ್ತದೆ. ಆಗ ಮಳೆ ಹಿಡಿದರೆ ಕಾಯಿ ಗಿಡದಲ್ಲಿಯೇ ಮೊಳೆತು ಹೋಗುತ್ತದೆ, ಕೂಲಿಯಾಳು ಸಿಗುವುದಿಲ್ಲ. ಮನೆಯಲ್ಲಿರುವ ಕೈಗಳೆಲ್ಲ ಹೊಲಕ್ಕೆ ಬೇಕು, ಬಿ.ಎ. ಓದುವ ಮಗಳ ಕೈಗಳು ಕೂಡ. ಮುಂದೆ ಉಳ್ಳಾಗಡ್ಡಿ, ಕುಂದಗೋಳದ ಕಡೆಗೆ ಮೆಣಸಿನಕಾಯಿ, ಕಲಘಟಗಿಯ ಕಡೆಗೆ ಭತ್ತ, ಹೀಗೆ ಸುಗ್ಗಿಯ ಮೇಲೆ ಸುಗ್ಗಿ ಬರುತ್ತದೆ. ಆದರೆ ಹಾಜರಿ ಪುಸ್ತಕಕ್ಕೆ ಸುಗ್ಗಿಯ ಅರಿವಿಲ್ಲ. ನೂರಕ್ಕೆ 75ರಷ್ಟು ಹಾಜರಿ ಬೇಕೆಂಬುದು ನಿಯಮ. ಒಂದು ವಿಷಯದಲ್ಲಿ 60 ತರಗತಿಗಳು ನಡೆದವೆಂದು ಇಟ್ಟುಕೊಂಡರೆ 45ಕ್ಕೆ ಹಾಜರಿರಬೇಕು. ತಪ್ಪಿಸಿಕೊಳ್ಳಲು ಉಳಿಯುವುದು 15 ಮಾತ್ರ. ಹೆಸರಿಗೆ ಹತ್ತು ಹೋದರೆ ಜ್ವರಕ್ಕೂ ಜಾತ್ರೆಗೂ ಮದುವೆಗೂ ಸೇರಿ ಐದೇ! ಈ ಲೆಕ್ಕವನ್ನು ಪರೀಕ್ಷೆಯ ಅರ್ಜಿ ತುಂಬುವ ವಾರದಲ್ಲಿ ಹಾಕುವುದಕ್ಕಿಂತ ತರಗತಿಗಳು ಆರಂಭವಾದ ವಾರದಲ್ಲಿಯೇ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡವರು ಜಾಣರು. ಸುಗ್ಗಿಗೆ ಹೋಗುವ ಮುನ್ನ ಅಧ್ಯಾಪಕರಿಗೆ ಒಂದು ಮಾತು ತಿಳಿಸಿ ಹೋಗುವುದೂ ಉಚಿತ. ಅವರಲ್ಲಿ ಹಲವರು ತಾವೇ ಹೆಸರು ಬಿಡಿಸಿ ಬೆಳೆದವರು.

ಕಾಲೇಜು ತಾಲೂಕಿಗೆ ಬಂದುದೇ ಒಂದು ದೊಡ್ಡ ಸಂಗತಿಯೆಂಬುದನ್ನು ಇಂದಿನ ತರುಣರು ಮರೆತಿರಬಹುದು. ಶತಮಾನದ ಹಿಂದೆ ಈ ಭಾಗದ ಹುಡುಗನು ಉಚ್ಚ ಶಿಕ್ಷಣ ಬಯಸಿದರೆ ಪುಣೆಯ ದಾರಿ ಹಿಡಿಯಬೇಕಾಗಿತ್ತು. ಬೇಂದ್ರೆಯವರು ಕಲಿತದ್ದು ಅಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರ ಪ್ರಯತ್ನದಿಂದ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಗೊಂಡಿತು. ಹಳ್ಳಿಯ ಬಡ ಹುಡುಗರಿಗೆ ಊಟ ವಸತಿ ಕೊಟ್ಟು ಓದಿಸಿದ ಮುರುಘಾಮಠದ ಮೃತ್ಯುಂಜಯ ಅಪ್ಪಗಳನ್ನು ಇಂದಿಗೂ ನೆನೆಯುವ ಮನೆಗಳಿವೆ. ಪದವಿ ತರಗತಿಗಳು ನವಲಗುಂದದಂಥ ಊರುಗಳಿಗೆ ಬಂದದ್ದು ಆ ಮೇಲಿನ ಮಾತು.

ಹತ್ತಿರ ಬಂದಿತೆಂದರೂ ಹಾದಿ ಉಳಿದೇ ಇದೆ. ಅಣ್ಣಿಗೇರಿಗೂ ಕುಂದಗೋಳಕ್ಕೂ ರೈಲುಂಟು; ನವಲಗುಂದಕ್ಕೂ ಕಲಘಟಗಿಗೂ ಬಸ್ಸೇ ಗತಿ. 2023ರ ಜೂನ್ 11ರಂದು ರಾಜ್ಯದಲ್ಲಿ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸುಗಳ ಪ್ರಯಾಣ ಉಚಿತವಾದಾಗ ಅದೆಷ್ಟೋ ತಾಯಂದಿರು ಮಗಳ ಕಾಲೇಜಿನ ವಿಷಯದಲ್ಲಿ ಒಂದು ಚಿಂತೆಯನ್ನು ಕಳೆದುಕೊಂಡರು. ಹುಡುಗರಿಗೆ ಪಾಸು ಬೇಕೇ ಬೇಕು. ಇನ್ನು ಬೆಣ್ಣಿಹಳ್ಳ! ಬೇಸಿಗೆಯಲ್ಲಿ ಸಾಧುವಾಗಿ ಬಿದ್ದಿರುವ ಈ ಹಳ್ಳ ದೊಡ್ಡ ಮಳೆಯಾದರೆ ಎರೆಯ ಬಯಲಿನಲ್ಲಿ ಹರಡಿಕೊಂಡು ರಸ್ತೆಗಳನ್ನೇ ಕಡಿದುಬಿಡುತ್ತದೆ. 2019ರ ಆಗಸ್ಟ್ ತಿಂಗಳನ್ನು ಆ ದಂಡೆಯವರು ಮರೆತಿಲ್ಲ. ಪರೀಕ್ಷೆಯ ದಿನಗಳಲ್ಲಿ ಮೋಡ ಕಟ್ಟಿದರೆ ಹಿಂದಿನ ಸಂಜೆಯೇ ಊರೊಳಗಿನ ಗೆಳತಿಯ ಮನೆಗೆ ಬಂದು ಮಲಗುವ ಪದ್ಧತಿಯನ್ನು ಕೆಲವು ಹುಡುಗಿಯರು ಇಟ್ಟುಕೊಂಡಿದ್ದಾರೆ. ಖಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರೆ ಆ ಮನೆಯವರಿಗೂ ಹೊರೆಯಾಗುವುದಿಲ್ಲ, ಎರಡು ದಿನ ಕೆಡುವುದೂ ಇಲ್ಲ.

ವಿದ್ಯೆಗಾಗಿ ದಿನದಿನವೂ ಪ್ರಯಾಣ ಮಾಡುವುದು ಈ ಸೀಮೆಗೆ ಹೊಸದೇನಲ್ಲ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕುಳಿತು ಕಲಿತು ಮರಳಿದರು. ಭೀಮಸೇನ ಜೋಶಿಯವರು ಅಲ್ಲಿಯೇ ಗುರುಗೃಹದಲ್ಲಿ ಉಳಿದು ನೀರು ಹೊತ್ತರು. ಅವರಾರಿಗೂ ಹಾಜರಿ ಪುಸ್ತಕವಿರಲಿಲ್ಲ ಎಂದು ತುಂಟ ವಿದ್ಯಾರ್ಥಿ ಹೇಳಬಹುದು. ನಿಜ, ಗುರುವಿನ ಕಿವಿಯಿತ್ತು.

ಶಿಷ್ಯವೇತನದ ಪ್ರಕರಣಕ್ಕೆ ಬರೋಣ. ಇಲ್ಲಿ ಎಡವುವವರೇ ಹೆಚ್ಚು, ಎಡವಿಸುವುದು ಹೆಸರು. ಉತ್ತರ ಕರ್ನಾಟಕದ ಹೆಸರೆಂದರೆ ತನ್ನದು, ತಂದೆಯದು, ಅಡ್ಡಹೆಸರು ಎಂದು ಮೂರು ತುಂಡು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು ಬಂದಿದ್ದರೆ ಆಧಾರ್ ಚೀಟಿಯಲ್ಲಿ ಕೊನೆಗೆ ಬಂದಿರುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ತಂದೆಯ ಹೆಸರೇ ಮಾಯ. ಮನುಷ್ಯರಿಗೆ ಮೂರೂ ಒಬ್ಬಳೇ, ಗಣಕಯಂತ್ರಕ್ಕೆ ಮೂವರು! ಅರ್ಜಿ ತಿರಸ್ಕೃತವಾದುದು ತಿಳಿಯುವ ಹೊತ್ತಿಗೆ ಕೊನೆಯ ದಿನ ಕಳೆದಿರುತ್ತದೆ. ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆ ಗೊತ್ತುಮಾಡಿದ್ದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಒಣಬೇಸಾಯದ ಮನೆಯಲ್ಲಿ 15,000 ರೂಪಾಯಿಯೆಂದರೆ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬಷ್ಟು ದೊಡ್ಡ ಮಾತು. ಆದುದರಿಂದ ಪ್ರವೇಶ ಪಡೆದ ವಾರದಲ್ಲಿಯೇ ಕಾಗದಗಳನ್ನೆಲ್ಲ ಒಂದೆಡೆ ಹರಡಿ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಗೆ ಹೋಗಿ ಹೊಸದು ತರಬೇಕು. ಬ್ಯಾಂಕಿನಲ್ಲಿ ಖಾತೆಯಿದ್ದರಷ್ಟೇ ಸಾಲದು, ಅದು ಆಧಾರಿಗೆ ಜೋಡಣೆಯಾಗಿದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಗುಮಾಸ್ತರ ಮುಂದೆ ನಾಚಿ ನಿಂತು ಮರಳಿದವರ ಹಣ ನಾಚದೆ ಹಿಂದಿರುಗುತ್ತದೆ.

ಪುಸ್ತಕಗಳ ವಿಷಯದಲ್ಲಿಯೂ ಎಚ್ಚರ ಬೇಕು. ಅಕ್ಕ ಓದಿದ್ದನ್ನು ತಂಗಿ ಓದುವುದು ನಮ್ಮ ಮನೆಗಳ ಹಳೆಯ ಉಳಿತಾಯ. ಆದರೆ 2021-22ರಲ್ಲಿ ನಾಲ್ಕು ವರ್ಷದ ಪದವಿಯ ಪದ್ಧತಿ ಬಂದು, 2024-25ರಿಂದ ಸರಕಾರ ಮರಳಿ ಮೂರು ವರ್ಷದ ಪದವಿಯನ್ನೇ ತಂದಿತು. ಪಠ್ಯಗಳೂ ಬದಲಾದುವು. ಅಕ್ಕನ ಪುಸ್ತಕ ತೆರೆಯುವ ಮುನ್ನ ವಿಶ್ವವಿದ್ಯಾಲಯದ ಈ ವರ್ಷದ ಪಠ್ಯಪಟ್ಟಿಯನ್ನು ನೋಡುವುದು ಅವಶ್ಯ. ಹಾಗೆಂದು ಗೈಡುಗಳ ಮೊರೆ ಹೋಗುವುದು ತರವಲ್ಲ. ಪಂಪನ ತಾಯಿ ಅಬ್ಬಣಬ್ಬೆಯ ತವರು ಅಣ್ಣಿಗೇರಿ. ಅದೇ ಅಣ್ಣಿಗೇರಿಯ ವಿದ್ಯಾರ್ಥಿ ಪಂಪನನ್ನು ಹದಿನಾರು ಪುಟದ ಗೈಡಿನಲ್ಲಿ ಕಂಡು ಮುಗಿಸಿದರೆ ಏನೆನ್ನಬೇಕು? ಸಣ್ಣ ಕಾಲೇಜಿನ ಗ್ರಂಥಾಲಯವೆಂದು ಮೂಗು ಮುರಿಯುವವರು ಹಿಂದಿನ ಕಪಾಟುಗಳನ್ನು ಒಮ್ಮೆ ತೆರೆಸಿ ನೋಡಬೇಕು. ವಿಶ್ವವಿದ್ಯಾಲಯದ ಪ್ರಸಾರಾಂಗವು ಉಪನ್ಯಾಸ ಗ್ರಂಥಮಾಲೆಯಲ್ಲಿ ಹೊರತಂದ ಕಿರುಹೊತ್ತಿಗೆಗಳು ಅಂಥ ಕಡೆ ಧೂಳು ತಿನ್ನುತ್ತಿರುವುದುಂಟು. ಬಸ್ಸು ಬರುವುದರೊಳಗೆ ಒಂದನ್ನು ಓದಿ ಮುಗಿಸಬಹುದು.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿದೆ. ಸೂಚನಾ ಫಲಕದ ಮುಂದೆ ಒಬ್ಬ ಹುಡುಗಿ ಪರೀಕ್ಷಾ ಶುಲ್ಕದ ದಿನಾಂಕಗಳನ್ನು ಬರೆದುಕೊಳ್ಳುತ್ತಿದ್ದಾಳೆ. ಒಮ್ಮೆ ಬರೆದು, ಹಾಳೆ ಮಗುಚಿ ಮತ್ತೊಮ್ಮೆ ಅದನ್ನೇ ಬರೆಯುತ್ತಾಳೆ. ಎರಡನೆಯದು ಓಣಿಯ ಗೆಳತಿಗೆ. ಅವರ ಹೊಲದ ಹೆಸರು ಇನ್ನೂ ಮುಗಿದಿಲ್ಲ.